ಡಬ್ಬಿಯ ಬದಿಗೊಂದು ಕುಂಕುಮ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಕಾವಲಿಯ ಮೇಲೆ ದೋಸೆ ಹುಯ್ದು ಸೌಟು ಹಿಡಿದು ನಿಂತಿದ್ದೆ. ಫೋನು ಟಿಂಗ್ ಅಂದಿತು. ಸಿಡ್ನಿಯ ನಮ್ಮ ಹಳೆಯ ಕನ್ನಡದವರ ಗ್ರೂಪು. ನಾವು ಮೆಲ್ಬರ್ನಿಗೆ ಬಂದು ನಾಲ್ಕು ವರ್ಷವಾಯಿತು. ಆದರೂ ಅದರಿಂದ ಹೊರಬೀಳುವ ಮನಸ್ಸು ಬಂದಿಲ್ಲ. ಅಲ್ಲಿ ಯಾರದೋ ಮನೆಯ ಕರಿಬೇವಿನ ಗಿಡ ಒಣಗಿದರೂ ನನಗೆ ಗೊತ್ತಾಗಬೇಕು. ಆ ದಿನ ಬರೆದವರು ನಾವೆಲ್ಲ ಅಂಕಲ್ ಎಂದು ಕರೆಯುವ ಹಿರಿಯರು. ಅವರು ಗ್ರೂಪಿನಲ್ಲಿ ಬರೆಯುವುದೇ ಅಪರೂಪ.

"ಎಲ್ಲರಿಗೂ ನಮಸ್ಕಾರ. ಇನ್ನು ಮೇಲೆ ಡ್ರಿಲ್ ಹಿಡಿಯುವುದಿಲ್ಲ. ಕೈ ನಡುಗುತ್ತದೆ. ಕೆಲಸದ ಸಾಮಾನಿನ ಬ್ಯಾಗು ಯಾರಿಗಾದರೂ ಬೇಕಿದ್ದರೆ ಹೇಳಿ. ಕೆಲಸ ಮಾಡುವ ಆಸೆ ಇದ್ದವರಿಗೆ ಮಾತ್ರ."

ದೋಸೆ ಸೀದುಹೋಯಿತು. ನಾನು ಯೋಚನೆಯನ್ನೇ ಮಾಡದೆ "ನನಗೆ ಅಂಕಲ್! ನನಗೆ! ನನಗೆ!" ಎಂದು ಟೈಪ್ ಮಾಡಿ ಕಳಿಸಿಬಿಟ್ಟಿದ್ದೆ. ಸುಟ್ಟ ವಾಸನೆಗೆ ಓಡಿಬಂದ ನನ್ನ ಗಂಡ ಫೋನು ನೋಡಿ ನಕ್ಕ. "ಒಂದು ಬಲ್ಬ್ ಚೇಂಜ್ ಮಾಡಕ್ಕೂ ನನ್ನ ಕರೀತೀಯ. ನಿಂಗೆ ಡ್ರಿಲ್ ಯಾಕೆ?" ಎಂದ. ನನಗೂ ಯಾಕೆಂದು ಸರಿಯಾಗಿ ಗೊತ್ತಿರಲಿಲ್ಲ. ಆ ಬ್ಯಾಗು ಬೇರೆಯವರ ಮನೆಯ ಗ್ಯಾರೇಜು ಸೇರುವುದನ್ನು ಮಾತ್ರ ನನ್ನಿಂದ ನೋಡಲು ಸಾಧ್ಯವಿರಲಿಲ್ಲ.

ಅರ್ಧ ಗಂಟೆ ಬಿಟ್ಟು ಅಂಕಲ್ ಉತ್ತರ ಬಂತು. "ಕಳಿಸುತ್ತೇನೆ. ಆದರೆ ನೀವು ಹಾಕುವ ಮೊದಲನೆಯ ಡಬ್ಬಿ ನಾನು ನೋಡಬೇಕು. ಸರಿ ಬಂದರೆ ಬ್ಯಾಗು ನಿಮ್ಮದು. ಇಲ್ಲದಿದ್ದರೆ ವಾಪಸ್."

ಅವರ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಅವರಿಗೆ ಇಷ್ಟವಾಗದು. ಉಡುಪಿ ಕಡೆಯವರು, ಮನೆಮಾತು ತುಳು. ಸಿಡ್ನಿಯ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಮಂಚ, ಗಾಲಿಕುರ್ಚಿ ರಿಪೇರಿ ಮಾಡುವ ಕೆಲಸ. ಅಲ್ಲಿನ ಕ್ವೇಕರ್ಸ್ ಹಿಲ್ ಬಡಾವಣೆಯಲ್ಲಿ, ನಾವಿದ್ದ ಮನೆಯ ಹಿಂದಿನ ಬೀದಿಯಲ್ಲಿ ಅವರ ಮನೆ. ಬಿಡುವಿನ ಹೊತ್ತಿನಲ್ಲಿ ಅವರು ಮಾಡುತ್ತಿದ್ದದ್ದು ಒಂದೇ: ಕನ್ನಡದವರ ಮನೆಗಳಲ್ಲಿ ಟಿವಿಯನ್ನೂ, ಕನ್ನಡ ಚಾನೆಲ್‌ಗಳು ಬರುವ ಸೆಟ್ ಟಾಪ್ ಬಾಕ್ಸನ್ನೂ ಗೋಡೆಗೆ ಹಾಕಿಕೊಡುವುದು. ಬಾಕ್ಸ್ ಎಂದು ಅವರ ಬಾಯಲ್ಲಿ ನಾನು ಕೇಳಿಲ್ಲ. ಅವರಿಗೆ ಅದು ಡಬ್ಬಿ.

"ಟಿವಿ ಯಾರು ಬೇಕಾದ್ರೂ ಹಾಕ್ತಾರೆ ಮಾರಾಯ್ರೆ, ಅದು ದೊಡ್ಡದು, ಅದರ ಹಿಂದೆ ಎಂತ ಬೇಕಾದ್ರೂ ಮುಚ್ಚಿಡ್ಲಿಕ್ಕೆ ಆಗ್ತದೆ. ಮರ್ಯಾದೆ ಹೋಗೋದು ಡಬ್ಬಿಯಿಂದ" ಎನ್ನುತ್ತಿದ್ದರು. ಟಿವಿಯನ್ನು ಇಪ್ಪತ್ತು ನಿಮಿಷದಲ್ಲಿ ಹಾಕುವವರು ಅಂಗೈಯಗಲದ ಡಬ್ಬಿಗೆ ಒಂದೂವರೆ ಗಂಟೆ ತೆಗೆದುಕೊಳ್ಳುತ್ತಿದ್ದರು. ಆ ಒಂದೂವರೆ ಗಂಟೆ ಕಾಫಿಯಿಲ್ಲ, ನೀರಿಲ್ಲ, ಊರಿನ ಸುದ್ದಿಯಿಲ್ಲ. ಮುಗಿದ ಮೇಲೆ ಎರಡು ಲೋಟ ಕಾಫಿ ಕುಡಿದು, ಚಾನೆಲ್ ಹಾಕಿಸಿ, ಕೈ ಹಿಂದಕ್ಕೆ ಕಟ್ಟಿಕೊಂಡು ಒಂದು ನಿಮಿಷ ನಿಂತು ನೋಡಿ ಹೊರಟುಬಿಡುವರು. ಕೆಲಸ ಎಷ್ಟೇ ಚೆಂದ ಬಂದಿರಲಿ, ಅವರ ಬಾಯಿಂದ ಬರುವ ಹೊಗಳಿಕೆ "ಅಡ್ಡಿಲ್ಲ" ಎಂಬ ಒಂದು ಮಾತು ಮಾತ್ರ. ಬಹಳ ಸಲ ಅದೂ ಇಲ್ಲ.

ನಮ್ಮ ಮನೆಗೆ ಅವರು ಬಂದದ್ದು ತುರ್ತಿನಲ್ಲಿ. ಆ ತುರ್ತು ಏನೆಂದು ಹೇಳಬೇಕು.

ತುಮಕೂರಿನಲ್ಲಿರುವ ನನ್ನಮ್ಮ ಟಿವಿಯಲ್ಲಿ ಬರುವವರಿದ್ದರು! ಕನ್ನಡ ಚಾನೆಲ್ಲೊಂದರ ಮಧ್ಯಾಹ್ನದ ಅಡುಗೆ ಕಾರ್ಯಕ್ರಮ. ಪಕ್ಕದ ಮನೆಯ ಹುಡುಗಿ ಅಮ್ಮನಿಗೆ ಹೇಳದೆ ಹೆಸರು ಕೊಟ್ಟಿದ್ದಳು. ಚಾನೆಲ್‌ನವರು ಬೆಂಗಳೂರಿಗೆ ಕರೆಸಿ ಶೂಟ್ ಮಾಡಿಯೂ ಆಗಿತ್ತು. ಮೂವತ್ತೈದು ವರ್ಷ ಒಂದೇ ಅಡುಗೆಮನೆಯಲ್ಲಿ ಬೇಯಿಸಿದ ಹೆಂಗಸು. ಊಟಕ್ಕೆ ಕೂತ ನಾವ್ಯಾರೂ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದವರಲ್ಲ. ಈಗ ಅಮ್ಮನ ಹೆಸರು ದಪ್ಪ ಅಕ್ಷರದಲ್ಲಿ ಪರದೆಯ ಮೇಲೆ ಬರುವುದಿತ್ತು. ಶನಿವಾರ ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ, ನಮಗೆ ಸಂಜೆ ಆರು. ಒಂದೇ ಸಲ. ಮರುಪ್ರಸಾರ ಇಲ್ಲವೆಂದು ಹೇಳಿದ್ದರಂತೆ.

ಅದರ ಹಿಂದಿನ ವರ್ಷ ನನ್ನ ತಮ್ಮನ ಮದುವೆಗೆ ನಾನು ಹೋಗಿರಲಿಲ್ಲ. ಇಲ್ಲೇ ಕಾಯಂ ನೆಲೆಸಲು ಹಾಕಿದ್ದ ನಮ್ಮ ಪಿಆರ್ ಅರ್ಜಿ ನಡುವಿನಲ್ಲಿತ್ತು, ದೇಶ ಬಿಟ್ಟರೆ ವಾಪಸ್ ಬರುವುದು ಕಷ್ಟವಿತ್ತು. ಫೋನಿನಲ್ಲಿ ನೋಡಲು ಕೂತರೆ ಸರಿಯಾಗಿ ಮಾಂಗಲ್ಯ ಕಟ್ಟುವ ಹೊತ್ತಿಗೆ ಚಿತ್ರ ನಿಂತುಹೋಯಿತು. ಪುರೋಹಿತರ ಅರ್ಧ ಮುಖ ಹತ್ತು ನಿಮಿಷ ಅಲ್ಲಾಡದೆ ನಿಂತಿತ್ತು. ಆಮೇಲೆ ಅಮ್ಮ ನಗುತ್ತಲೇ, "ನೀನು ಯಾವ್ದಕ್ಕೂ ಇರಲ್ಲ ಬಿಡೇ" ಎಂದಿದ್ದರು. ನಗುತ್ತಲೇ ಎಂದದ್ದು, ಆದರೆ ನನಗೆ ಚುಚ್ಚಿತು, ಈಗಲೂ ಚುಚ್ಚುತ್ತದೆ. ಹಾಗಾಗಿ ಈ ಸಲ ಅಮ್ಮ ಶೂಟಿಂಗಿಗೆ ಹೊರಡುವಾಗಲೇ ಮಾತು ಕೊಟ್ಟಿದ್ದೆ. "ಅದೇ ನಿಮಿಷಕ್ಕೆ ನೋಡ್ತೀನಮ್ಮ. ನೀವೆಲ್ಲ ಅಲ್ಲಿ ನೋಡೋ ಹೊತ್ತಿಗೆ ಸರಿಯಾಗಿ ನಾನೂ ಇಲ್ಲಿ ನೋಡ್ತೀನಿ."

ಮಾತು ಕೊಟ್ಟೆನಲ್ಲ, ನಮ್ಮ ಟಿವಿಯ ಅವಸ್ಥೆ ನೋಡಬೇಕಿತ್ತು. ಕಿರಿದಾದ ಮೇಜಿನ ಮೇಲೆ ಟಿವಿ ನಿಂತರೆ ಡಬ್ಬಿಗೆ ಜಾಗವಿಲ್ಲ. ನನ್ನ ಗಂಡ ಅದನ್ನು ಎರಡೂ ಕಡೆ ಅಂಟುವ ಟೇಪಿನಲ್ಲಿ ಟಿವಿಯ ಬೆನ್ನಿಗೆ ಅಂಟಿಸಿದ್ದ. ಡಬ್ಬಿ ಬಿಸಿಯಾದರೆ ಅಂಟು ಕರಗುವುದು. ಸೀರಿಯಲ್ಲಿನಲ್ಲಿ ಸೊಸೆ ಬಾಗಿಲು ತೆರೆಯುವ ಹೊತ್ತಿಗೆ ಹಿಂದಿನಿಂದ ಧಪ್ ಎಂದು ಸದ್ದಾಗಿ ಎಲ್ಲಾ ಕಪ್ಪು. ಗೋಡೆಗೆ ಹಾಕೋಣವೆಂದರೆ ಬಾಡಿಗೆ ಮನೆ, ಒಂದು ತೂತು ಕೊರೆಯಲೂ ಓನರ್ ಒಪ್ಪಿಗೆ ಪತ್ರ ಬೇಕು. ಕೇಳಿ ಮೂರು ವಾರವಾಗಿತ್ತು. ಬುಧವಾರ ಏಜೆಂಟಿನಿಂದ ಇಮೇಲ್ ಬಂತು, ಹಾಕಬಹುದು. ನಾನು ಇದ್ದಲ್ಲೇ ಕುಣಿದೆ. ಗುರುವಾರ ಸಂಜೆ ಡ್ಯೂಟಿ ಮುಗಿಸಿಕೊಂಡು ಅಂಕಲ್ ಬಂದರು.

ಒಳಗೆ ಬಂದವರು ಚಪ್ಪಲಿ ಬಿಟ್ಟು, ಬ್ಯಾಗು ಇಳಿಸಿ, ಮೊದಲು ನೋಡಿದ್ದು ಟಿವಿಯನ್ನಲ್ಲ. ಗೋಡೆಯಲ್ಲಿ ನನ್ನ ಸೊಂಟದೆತ್ತರಕ್ಕೆ ನೇತಾಡುತ್ತಿದ್ದ ಕನ್ನಡ ಕ್ಯಾಲೆಂಡರನ್ನು.

"ಇದೆಂತ ಇಷ್ಟು ಕೆಳಗೆ? ಕೂತ್ಕೊಂಡು ತಿಥಿ ನೋಡ್ಲಿಕ್ಕಾ?" ಎಂದು ಎರಡು ಬೆರಳಿನಲ್ಲಿ ಅದನ್ನು ಎತ್ತಿದರು. ಹಿಂದೆ ನಿಂಬೆಹಣ್ಣಿನ ಗಾತ್ರದ ತೂತು. ನನ್ನ ಗಂಡ ಸೀಲಿಂಗ್ ನೋಡತೊಡಗಿದ. ಅವನು ಮಂಡ್ಯದವನು, ಇಟ್ಟಿಗೆ ಗೋಡೆಗೆ ಮೊಳೆ ಹೊಡೆದು ಬೆಳೆದವನು. ಇಲ್ಲಿಯ ಗೋಡೆ ಬರೀ ಹಲಗೆ, ಒಳಗೆಲ್ಲ ಟೊಳ್ಳು, ಅಲ್ಲಲ್ಲಿ ಮಾತ್ರ ಮರದ ಕಂಬ. ಮೊದಲ ವಾರವೇ ಊರಿನ ಜೋರಿನಲ್ಲಿ ಸುತ್ತಿಗೆ ಬೀಸಿದ್ದ. ಮೊಳೆಯ ಜೊತೆಗೆ ಸುತ್ತಿಗೆಯ ತಲೆಯೂ ಒಳಗೆ ಹೋಗಿತ್ತು.

ಅಂಕಲ್ ನಗಲಿಲ್ಲ. ಕ್ಯಾಲೆಂಡರನ್ನು ಮೆಲ್ಲಗೆ ಬಿಟ್ಟು ಹೇಳಿದರು, "ತೂತು ಎಲ್ಲರಿಂದಲೂ ಬೀಳ್ತದೆ. ಮುಚ್ಚಿಟ್ರೆ ದೊಡ್ಡದಾಗ್ತದೆ ಅಷ್ಟೆ. ಹೋಗುವಾಗ ತುಂಬಿಸಿ ಕೊಡ್ತೇನೆ."

ಆಮೇಲೆ ಅವರು ಮಾಡಿದ್ದನ್ನೆಲ್ಲ ನಾನು ಕಣ್ಣು ಮಿಟುಕಿಸದೆ ನೋಡಿದೆ. ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋಗುವರು, ಅಂಗಡಿಯಲ್ಲಿ ಕಲ್ಲಂಗಡಿ ಆರಿಸುವವರ ಹಾಗೆ ಕಿವಿ ಕೊಟ್ಟು. ಕಂಬ ಇಲ್ಲೇ ಎಂದು ಅನ್ನಿಸಿದಲ್ಲಿ ದಾರಕ್ಕೆ ಕಟ್ಟಿದ ಪುಟ್ಟ ಅಯಸ್ಕಾಂತವೊಂದನ್ನು ಇಳಿಬಿಡುವರು. ಹಲಗೆಯನ್ನು ಕಂಬಕ್ಕೆ ಬಿಗಿದ ಸ್ಕ್ರೂ ಒಳಗಿದ್ದಲ್ಲಿ ಅದು ಚಕ್ಕೆಂದು ಗೋಡೆಗೆ ಕಚ್ಚಿ ನಿಲ್ಲುವುದು. ಮೊದಲ ಸಲ ಅದು ಕಚ್ಚಿದಾಗ ನಾನು ಚಪ್ಪಾಳೆ ತಟ್ಟಿಬಿಟ್ಟೆ. ಅವರು ತಿರುಗಿ ನೋಡಿ, "ನೀವು ಇಂಜಿನಿಯರ್ ಅಲ್ವಾ?" ಎಂದರು. ಹೌದು, ಆದರೆ ಸಾಫ್ಟ್‌ವೇರಿನಲ್ಲಿ ಇಂಥದ್ದು ಎಲ್ಲಿದೆ!

ಎತ್ತರ ಗೊತ್ತುಮಾಡುವ ಅವರ ರೀತಿ ಬೇರೆ. "ಜಾಸ್ತಿ ನೋಡೋದು ಯಾರು?" ಎಂದು ಕೇಳಿದರು. ನನ್ನ ಗಂಡ ನನ್ನತ್ತ ಬೆರಳು ತೋರಿಸಿದ. ಸೋಫಾದ ಮೇಲೆ ಕೂರಲು ಹೇಳಿದರು. ಬೆನ್ನು ನೆಟ್ಟಗೆ ಮಾಡಿ ಕೂತೆ.

"ಹೀಗಲ್ಲ. ಇದು ಫೋಟೋಕ್ಕೆ ಕೂತ ಹಾಗೆ ಆಯ್ತು. ಸೀರಿಯಲ್ ನೋಡುವಾಗ ಹೇಗೆ ಕೂತ್ಕೊಳ್ತೀರಿ, ಹಾಗೆ ಕೂತ್ಕೊಳ್ಳಿ."

ನಾಚಿಕೆ ಬಿಟ್ಟು ಕಾಲು ಮೇಲೆ ಮಡಚಿ, ದಿಂಬು ಅಪ್ಪಿಕೊಂಡು, ಒಂದು ಕಡೆಗೆ ವಾಲಿದೆ. ಅವರು ನನ್ನ ಕಣ್ಣಿನ ಮಟ್ಟದಿಂದ ಗೋಡೆಗೆ ದಾರ ಹಿಡಿದು ಪೆನ್ಸಿಲ್ ಗುರುತು ಹಾಕಿದರು. ಆ ಮನೆಯಲ್ಲಿ ಇದ್ದಷ್ಟು ದಿನ ನನ್ನ ಕತ್ತು ನೋಯಲಿಲ್ಲ.

ಅವರ ಬ್ಯಾಗಿನಲ್ಲಿ ನನಗೆ ಬಹಳ ಹಿಡಿಸಿದ್ದು ರಸಮಟ್ಟ. ಗಾಜಿನ ನಳಿಕೆಯಲ್ಲಿ ಹಸಿರು ನೀರು, ಅದರೊಳಗೆ ಒಂದು ಗುಳ್ಳೆ, ಗುಳ್ಳೆ ಎರಡು ಗೆರೆಗಳ ನಡುವೆ ಬಂದರೆ ಮಟ್ಟ ಸರಿ. ನಮ್ಮೂರಿನ ಗಾರೆಯವರ ಬಾಯಲ್ಲಿ ಕೇಳಿದ್ದ ಆ ಶಬ್ದವನ್ನು ಕ್ವೇಕರ್ಸ್ ಹಿಲ್‌ನಲ್ಲಿ ಮತ್ತೆ ಕೇಳಿದಾಗ ನನಗೆ ಹಬ್ಬವಾಯಿತು. ಡಬ್ಬಿ ಕೂರುವಷ್ಟೇ ಅಗಲದ ತೆಳ್ಳನೆಯ ಲೋಹದ ತಟ್ಟೆಯನ್ನು ಟಿವಿಯ ಕೆಳಗೆ ಬಿಗಿದರು. ಗುಳ್ಳೆ ಒಂದು ಕೂದಲು ಎಡಕ್ಕೆ ಸರಿದಿತ್ತು. ನನಗಂತೂ ಕಾಣಲಿಲ್ಲ. ಬಿಚ್ಚಿದರು, ಮತ್ತೆ ಬಿಗಿದರು. ವೈರುಗಳನ್ನೆಲ್ಲ ಒಂದು ಚಪ್ಪಟೆ ಪ್ಲಾಸ್ಟಿಕ್ ಕೊಳವೆಯೊಳಗೆ ಸೇರಿಸಿ, ಗೋಡೆಯ ಬಣ್ಣವನ್ನೇ ಕಲಸಿ ತಂದು ಅದಕ್ಕೆ ಬಳಿದರು. ಗೋಡೆಯೊಳಗೆ ಯಾಕೆ ಎಳೆಯಲಿಲ್ಲ ಎಂದು ಕೇಳಿದ್ದಕ್ಕೆ, "ಒಳಗೆ ಕರೆಂಟ್ ವೈರ್ ಹಾಕ್ಲಿಕ್ಕೆ ಲೈಸೆನ್ಸ್ ಬೇಕು. ನನಗೆ ಇಲ್ಲ" ಎಂದರು. ಮಾತು ಮುಗಿಯಿತು.

ಕೊನೆಗೆ ಡಬ್ಬಿಯ ಮುಂಭಾಗದ ಕರಿ ಚುಕ್ಕೆ ತೋರಿಸಿದರು. "ಇದು ಉಂಟಲ್ಲ, ಇದು ಡಬ್ಬಿಯ ಕಣ್ಣು. ರಿಮೋಟ್ ಒತ್ತಿದ್ದು ಇದಕ್ಕೆ ಕಾಣ್ಬೇಕು. ಇದರ ಎದುರು ಎಂತದೂ ಅಡ್ಡ ಇರ್ಬಾರದು, ಗೊತ್ತಾಯ್ತಲ್ಲ?" ನಾನು ಗೊತ್ತಾಯ್ತು ಎಂದೆ.

ಶನಿವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಹೊಸ ವಸ್ತು ಗೋಡೆ ಏರಿದೆ, ಅದರಲ್ಲಿ ಅಮ್ಮ ಬರುತ್ತಾರೆ, ಪೂಜೆ ಮಾಡದೆ ಇರುವುದು ಹೇಗೆ ಎಂದು ಮಂಗಳಾರತಿ ಎತ್ತಿದೆ. ಅರಿಸಿನ ಕಲಸಿ ಹಚ್ಚಿ, ಅದರ ಮೇಲೆ ದುಂಡಗೆ ಕುಂಕುಮ ಇಟ್ಟೆ. ಕಣ್ಣು ಎಂದು ಅವರು ಹೇಳಿದ್ದು ನೆನಪಿತ್ತು. ಕಣ್ಣಿದ್ದ ಮೇಲೆ ಅದರ ಮೇಲಿರುವುದು ಹಣೆ ತಾನೇ? ಎರಡು ಬೆರಳು ದಪ್ಪದ ಡಬ್ಬಿಯಲ್ಲಿ ಹಣೆ ಎಲ್ಲಿ ಮುಗಿಯುತ್ತದೆ, ಕಣ್ಣು ಎಲ್ಲಿ ಶುರುವಾಗುತ್ತದೆ ಎಂದು ನಾನು ಯೋಚಿಸಲಿಲ್ಲ.

ಸಂಜೆ ಐದೂವರೆಗೆ ಮನೆ ತುಂಬಾ ಜನ. ನಾಲ್ಕು ಮನೆಯವರು ಬಂದಿದ್ದರು. ಅಂಕಲ್‌ಗೆ ಮಾತ್ರ ಡ್ಯೂಟಿ. ಹತ್ತು ನಿಮಿಷ ಮೊದಲೇ ಹಾಕಿಡೋಣವೆಂದು ರಿಮೋಟ್ ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ. ಹತ್ತಿರ ಹೋಗಿ ಒತ್ತಿದೆ. ಡಬ್ಬಿಗೆ ಬೇರೆ ಗುಂಡಿಯೇ ಇರಲಿಲ್ಲ, ಎಲ್ಲ ರಿಮೋಟಿನ ಕೃಪೆ. "ಬ್ಯಾಟರಿ! ಬ್ಯಾಟರಿ ಚೇಂಜ್ ಮಾಡ್ರಿ!" ಎಂದು ಯಾರೋ ಕೂಗಿದರು. ನನ್ನ ಗಂಡ ಗೋಡೆ ಗಡಿಯಾರ ಇಳಿಸಿ ಅದರ ಬ್ಯಾಟರಿ ಕಿತ್ತ. ಗಡಿಯಾರ ಐದು ಐವತ್ತೆರಡಕ್ಕೆ ನಿಂತಿತು. ರಿಮೋಟ್ ಆಗಲೂ ಕೆಲಸ ಮಾಡಲಿಲ್ಲ. ನನ್ನ ಕಿವಿಯಲ್ಲಿ ಒಂದೇ ಮಾತು ಕೇಳುತ್ತಿತ್ತು. ನೀನು ಯಾವ್ದಕ್ಕೂ ಇರಲ್ಲ ಬಿಡೇ.

ಅಂಕಲ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಮೂರನೆಯ ರಿಂಗಿಗೆ ಎತ್ತಿದರು.

"ಅಂಕಲ್, ರಿಮೋಟ್ ವರ್ಕ್ ಆಗ್ತಾ ಇಲ್ಲ! ಐದು ನಿಮಿಷ ಇದೆ! ಅಮ್ಮ ಬಂದ್ಬಿಡ್ತಾರೆ!"

"ಗಾಬರಿ ಮಾಡ್ಬೇಡಿ. ಡಬ್ಬಿಯಲ್ಲಿ ಕೆಂಪು ದೀಪ ಉಂಟಾ?"

"ಕಾಣ್ತಾ ಇಲ್ಲ ಅಂಕಲ್."

"ಇಲ್ಲವಾ, ಕಾಣ್ತಾ ಇಲ್ಲವಾ?"

ನನಗೆ ಅದರ ವ್ಯತ್ಯಾಸ ಹೊಳೆಯಲಿಲ್ಲ. ಅವರು ಮೆಲ್ಲಗೆ ಕೇಳಿದರು, "ಇವತ್ತು ಪೂಜೆ ಮಾಡಿದ್ರಾ?"

"ಹೂಂ."

"ಡಬ್ಬಿಗೂ?"

"ಹೂಂ."

"ಕುಂಕುಮ ಎಲ್ಲಿ ಇಟ್ಟಿದ್ದೀರಿ?"

ನಾನು ಫೋನನ್ನು ಟೀಪಾಯಿಯ ಮೇಲೆ ಎಸೆದು ಓಡಿದೆ. ಅರಿಸಿನ ಒಣಗಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆಯುವಾಗ ಹಿಂದಿನಿಂದ ಅವರ ಧ್ವನಿ ಕೇಳುತ್ತಿತ್ತು, "ನಿಧಾನ, ನಿಧಾನ. ಒಣಬಟ್ಟೆ ತಗೊಳ್ಳಿ. ನೀರು ಹಾಕ್ಬೇಡಿ." ದುಪಟ್ಟಾದ ತುದಿಯಿಂದ ಒರೆಸಿದೆ. ಕರಿ ಚುಕ್ಕೆ ಹೊಳೆಯಿತು, ಕೆಂಪು ದೀಪ ಕಾಣಿಸಿತು. ಗಂಡ ರಿಮೋಟ್ ಒತ್ತಿದ. ಹಸಿರು!

ಮನೆಯೆಲ್ಲ ಹೋ ಎಂದಿತು. ಜಾಹೀರಾತು ಮುಗಿದು, ಪರದೆಯ ತುಂಬಾ ನನ್ನಮ್ಮ. ಮೈಸೂರು ಸಿಲ್ಕ್ ಸೀರೆ, ಕೈಯಲ್ಲಿ ಸಿಪ್ಪೆ ಹೆರೆಯುವ ಚಾಕು, ಕೆಳಗೆ ದಪ್ಪ ಅಕ್ಷರದಲ್ಲಿ ಅವರ ಪೂರ್ತಿ ಹೆಸರು. ನಮ್ಮಮ್ಮನಿಗೆ ಇಷ್ಟು ಉದ್ದದ ಹೆಸರಿದೆ ಎನ್ನುವುದು ನನಗೇ ಮರೆತುಹೋಗಿತ್ತು. ಮಾಡಿದ್ದು ಹೀರೇಕಾಯಿ ಸಿಪ್ಪೆಯ ಚಟ್ನಿ. ಟಿವಿಗೆ ಇನ್ನೇನಾದರೂ ದೊಡ್ಡದು ಮಾಡಬಾರದಿತ್ತೇ ಎಂದು ಮೊದಲು ನಾನೇ ಹೇಳಿದ್ದೆ. ಅಲ್ಲಿ ಅವರ ಕೈ ಓಡುವುದನ್ನು ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ. ಕೊನೆಯಲ್ಲಿ ನಿರೂಪಕಿ ಏನೋ ಕೇಳಿದಳು. ಅಮ್ಮ ನೇರ ಕ್ಯಾಮೆರಾ ನೋಡಿದರು.

"ನನ್ನ ಮಗಳು ಆಸ್ಟ್ರೇಲಿಯಾದಲ್ಲಿ ಈಗ್ಲೇ ನೋಡ್ತಾ ಇರ್ತಾಳೆ. ಏನೇ, ಊಟ ಆಯ್ತಾ?"

"ಇನ್ನೂ ಇಲ್ಲಮ್ಮಾ!" ಎಂದು ಟಿವಿಗೆ ಕೂಗಿದೆ. ಎಲ್ಲರೂ ನಕ್ಕರು, ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಷ್ಟು ಸಂತೋಷ ನನಗೆ ಈ ದೇಶದಲ್ಲಿ ಅದುವರೆಗೆ ಆಗಿರಲಿಲ್ಲ.

ಕಾರ್ಯಕ್ರಮ ಮುಗಿದು ಎಲ್ಲರೂ ಒಟ್ಟಿಗೆ ಮಾತಾಡುತ್ತಿರುವಾಗ ಟೀಪಾಯಿಯಿಂದ ಸಣ್ಣ ಧ್ವನಿಯೊಂದು ಬಂತು.

"ಅಮ್ಮ ತೆಂಗಿನೆಣ್ಣೆಯಲ್ಲಿ ಒಗ್ಗರಣೆ ಕೊಡ್ಬೇಕಿತ್ತು."

ಫೋನು ಕಟ್ ಮಾಡಿರಲೇ ಇಲ್ಲ! ಅರ್ಧ ಗಂಟೆ ಪೂರ್ತಿ ಕೇಳಿಸಿಕೊಂಡು ಕೂತಿದ್ದರು. "ಫೋನ್ ಇಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಅಷ್ಟರಲ್ಲಿ ಒಂದು ಗಾಲಿಕುರ್ಚಿಯ ಬ್ರೇಕೂ ಸರಿ ಆಯ್ತು" ಎಂದು ಹೇಳಿ ಇಟ್ಟರು.

ಇದಾದ ಮೇಲೆ ನಾನು ಬೇರೆಯವರ ಮನೆಗಳಲ್ಲಿ ಒಂದು ವಿಷಯ ಗಮನಿಸಿದೆ. ಅಂಕಲ್ ಹೊಸದಾಗಿ ಹಾಕಿದ ಡಬ್ಬಿಗಳ ಎಡಬದಿಯಲ್ಲಿ ಸಾಸಿವೆಯಷ್ಟು ಸಣ್ಣ ಕುಂಕುಮ. ಒಬ್ಬ ಗೆಳತಿಯನ್ನು ಕೇಳಿದೆ. "ಅಂಕಲ್ಲೇ ಇಟ್ಟು ಹೋದ್ರು ಕಣೇ. ಉಡುಪಿ ಕಡೆ ಹಂಗೇ ಸೈಡಲ್ಲಿ ಇಡೋದಂತೆ, ನಮ್ಮತ್ತೆ ಹೇಳಿದ್ರು" ಎಂದಳು. ಇರಬಹುದು, ಒಂದೊಂದು ಕಡೆ ಒಂದೊಂದು ಪದ್ಧತಿ ಎಂದುಕೊಂಡೆ. ಇಂಜಿನಿಯರ್ ಎಂದು ಹೇಳಿಕೊಳ್ಳುವ ನನ್ನ ಬುದ್ಧಿ ಅಷ್ಟಕ್ಕೇ ನಿಂತಿತು.

ಮೆಲ್ಬರ್ನಿಗೆ ಹೊರಡುವ ಮುಂಚೆ ಆ ಬಾಡಿಗೆ ಮನೆಯ ಗೋಡೆಯನ್ನು ಮೊದಲಿನಂತೆ ಮಾಡಿಕೊಡಲು ಅಂಕಲ್ ಮತ್ತೆ ಬಂದರು. ಡಬ್ಬಿಯ ತಟ್ಟೆ ಬಿಚ್ಚಿದಾಗ ಅದರ ಹಿಂದೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಅವರ ಗುಂಡು ಅಕ್ಷರ ಕಂಡಿತು. "ಎಡಕ್ಕೆ ಮರ. ಬಲಕ್ಕೆ ವೈರ್. ನಿಧಾನ."

"ಇದು ಯಾರಿಗೆ ಅಂಕಲ್?"

"ನಿಮ್ಮ ನಂತರ ಬರುವವರಿಗೆ. ಅವರೂ ಡ್ರಿಲ್ ತಗೊಂಡೇ ಬರ್ತಾರೆ ಅಲ್ವಾ?"

ಅವರು ತೂತುಗಳಿಗೆ ಹಿಟ್ಟಿನಂಥ ಪುಟ್ಟಿ ತುಂಬಿದರು, ಉಜ್ಜಿದರು, ಆ ಅಕ್ಷರಗಳನ್ನು ಬಿಟ್ಟು ಬಣ್ಣ ಬಳಿದರು. ಅವರ ಬಲಗೈ ಸಣ್ಣಗೆ ನಡುಗುವುದನ್ನು ನಾನು ಮೊದಲ ಸಲ ನೋಡಿದ್ದು ಅಂದು. ನೋಡಿದ್ದು ಅವರಿಗೂ ಗೊತ್ತಾಯಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಕೆಲಸ ಮುಗಿಸಿದರು. ನಾನು ಏನೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಈಗ ನಾವು ಮೆಲ್ಬರ್ನಿನ ಟಾರ್ನೀಟ್‌ನಲ್ಲಿದ್ದೇವೆ. ಮಾರ್ಟ್‌ಗೇಜ್ ಇದ್ದರೂ ಗೋಡೆ ನಮ್ಮದೇ, ಯಾರ ಒಪ್ಪಿಗೆಯೂ ಬೇಡ. ಸಿಡ್ನಿಯಿಂದ ಕಾರಿನಲ್ಲಿ ನಮ್ಮ ಹತ್ತಿರದ ಪಾಯಿಂಟ್ ಕುಕ್‌ಗೆ ಹೊರಟಿದ್ದ ಒಂದು ಸಂಸಾರ ಅಂಕಲ್ ಬ್ಯಾಗನ್ನು ತಂದು ಕೊಟ್ಟಿತು. ಅದೇ ವಾರ ಅಮ್ಮನೂ ಮೊದಲ ಸಲ ಬಂದಿಳಿದರು. ನಾನು ಎರಡೂ ಕೈಯಲ್ಲಿ ಬ್ಯಾಗು ತಬ್ಬಿಕೊಂಡು ಒಳಗೆ ಬಂದದ್ದು ನೋಡಿ ಅಮ್ಮ, "ಯಾರ ಮನೆ ಮಗೂನ ಎತ್ಕೊಂಡು ಬಂದೆ?" ಎಂದರು.

ಶನಿವಾರ ಬೆಳಿಗ್ಗೆ ಕೆಲಸ ಶುರು ಮಾಡಿದೆ. ಅಮ್ಮನನ್ನು ಸೋಫಾದ ಮೇಲೆ ಸೀರಿಯಲ್ ನೋಡುವ ಹಾಗೆ ಕೂರಿಸಿದೆ. ಅವರು ಒಂದೇ ಸಲಕ್ಕೆ ಚಕ್ಕಳಮಕ್ಕಳ ಹಾಕಿ ಕೂತರು. ದಾರ ಹಿಡಿದು ಗುರುತು ಹಾಕಿದೆ. ಟಿವಿಯ ಬ್ರಾಕೆಟ್ಟಿಗೆ ಗಂಡನೂ ಕೈ ಕೊಟ್ಟ. ಡಬ್ಬಿಯನ್ನು ಮಾತ್ರ ಮುಟ್ಟಲು ಬಿಡಲಿಲ್ಲ. ಗೋಡೆ ತಟ್ಟಿದೆ, ಅಯಸ್ಕಾಂತ ಇಳಿಬಿಟ್ಟೆ, ಉಸಿರು ಬಿಗಿಹಿಡಿದು ಡ್ರಿಲ್ ಒತ್ತಿದೆ. ಸರ್ರನೆ ಒಳಗೆ ಹೋಯಿತು. ಟೊಳ್ಳು! ಅವಸರದಲ್ಲಿ ಒಂದಂಗುಲ ತಪ್ಪಿದ್ದೆ. ಕೈ ಜಾರಿ ತೂತು ಇನ್ನೂ ದೊಡ್ಡದಾಯಿತು. ನಾನು ಅಲ್ಲೇ ಕೂತುಬಿಟ್ಟೆ. ಬ್ಯಾಗು ವಾಪಸ್ ಹೋಗುವುದೇ ನನ್ನ ಕಣ್ಣಿಗೆ ಕಾಣುತ್ತಿತ್ತು.

ಸ್ವಲ್ಪ ಹೊತ್ತಿಗೆ ಎದ್ದೆ. ಮತ್ತೆ ತಟ್ಟಿದೆ, ಈ ಸಲ ಕಣ್ಣು ಮುಚ್ಚಿ. ಮೂರು ಕಡೆ ಅಯಸ್ಕಾಂತ ಕಚ್ಚಿದ ಮೇಲೆಯೇ ಕೊರೆದೆ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಮರ ಎಲ್ಲಿ, ವೈರ್ ಎಲ್ಲಿ ಎಂದು ಬರೆದು, ಕೊನೆಗೆ "ನಿಧಾನ" ಎಂದೂ ಬರೆದು ತಟ್ಟೆ ಬಿಗಿದೆ. ನಾಲ್ಕು ಸಲ ಬಿಚ್ಚಿ, ಐದನೆಯ ಸಲಕ್ಕೆ ಗುಳ್ಳೆ ಎರಡು ಗೆರೆಗಳ ನಡುವೆ ಬಂದು ಕೂತಿತು.

ಉಳಿದ ಸ್ಕ್ರೂಗಳನ್ನು ಬ್ಯಾಗಿನ ಒಳಜೇಬಿಗೆ ಹಾಕಲು ಹೋದಾಗ ಕೈಗೆ ಏನೋ ಸಿಕ್ಕಿತು. ಒಂದು ಪುಟ್ಟ ಕುಂಕುಮದ ಭರಣಿ. ಮುಚ್ಚಳಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ ಚೀಟಿ. ಅದೇ ಗುಂಡು ಅಕ್ಷರ, ಆದರೆ ಸಾಲು ಅಂಕುಡೊಂಕು.

"ಹೊರಡುವ ಮೊದಲು ನೀವೇ ಡಬ್ಬಿಯ ಬದಿಗೆ ಇಟ್ಟುಬಿಡಿ. ಇಲ್ಲದಿದ್ದರೆ ಮನೆಯವರು ಅದರ ಕಣ್ಣಿಗೆ ಇಡುತ್ತಾರೆ."

ನನಗೆ ನಗು ಬಂತು, ಅಳುವೂ ಬಂತು. ಅದು ಉಡುಪಿಯ ಪದ್ಧತಿಯಾಗಿರಲೇ ಇಲ್ಲ. ನನ್ನ ಆ ಒಂದು ಸಂಜೆಯ ಗಾಬರಿ ಇನ್ನೊಬ್ಬರಿಗೆ ಆಗಬಾರದೆಂದು ಆ ಮನುಷ್ಯ ಯಾರಿಗೂ ಏನೂ ಹೇಳದೆ, ನನ್ನ ಹೆಸರೂ ಎತ್ತದೆ, ಮನೆಯಿಂದ ಮನೆಗೆ ಕುಂಕುಮ ಇಡುತ್ತಾ ಹೋಗಿದ್ದರು. ಚೀಟಿಯನ್ನು ಎರಡು ಸಲ ಓದಿ ಮಡಚಿದೆ. ಬೆರಳ ತುದಿಯಿಂದ ಡಬ್ಬಿಯ ಎಡಬದಿಗೆ ಸಾಸಿವೆಯಷ್ಟು ಇಟ್ಟೆ.

ಅಂಕಲ್‌ಗೆ ವಿಡಿಯೋ ಕಾಲ್ ಮಾಡಿದೆ. ಪರದೆಯಲ್ಲಿ ಅವರ ಮುಖ ಅಲುಗಾಡುತ್ತಿತ್ತು.

"ಪೂರ್ತಿ ಗೋಡೆ ತೋರಿಸಿ" ಎಂದರು. ತೋರಿಸಿದೆ.

"ಆ ಕ್ಯಾಲೆಂಡರ್ ಎಂತ, ಅಷ್ಟು ಕೆಳಗೆ?"

ತಿರುಗಿ ನೋಡಿದೆ. ನನ್ನ ತೂತಿನ ಮೇಲೆ ಕ್ಯಾಲೆಂಡರ್ ನೇತಾಡುತ್ತಿತ್ತು. ನನ್ನ ಗಂಡ ನನಗೆ ಸಹಾಯವಾಗಲಿ ಎಂದು ಯಾವಾಗಲೋ ತಂದು ಸಿಕ್ಕಿಸಿದ್ದ! ಈಗ ಮತ್ತೆ ಸೀಲಿಂಗ್ ನೋಡುತ್ತಿದ್ದ. ನಾನು ಹೋಗಿ ಕ್ಯಾಲೆಂಡರನ್ನು ತೆಗೆದೇಬಿಟ್ಟೆ.

"ನಂದೇ ಅಂಕಲ್. ಅವಸರ ಮಾಡ್ದೆ. ಇವತ್ತು ಸಂಜೆ ಒಳಗೆ ತುಂಬಿಸ್ತೀನಿ."

"ರಸಮಟ್ಟ ಇಟ್ಟು ತೋರಿಸಿ" ಎಂದರು. ಇಟ್ಟೆ. ಬಹಳ ಹೊತ್ತು ನೋಡಿದರು. "ವೈರ್?" ತೋರಿಸಿದೆ. "ಬದಿ?"

ಕುಂಕುಮ ತೋರಿಸಿದೆ. ಅವರ ಮುಖದಲ್ಲಿ ಏನೋ ಸರಿದುಹೋಯಿತು. ಅಮ್ಮನಿಗೆ ರಿಮೋಟ್ ಕೊಟ್ಟೆ, ಅಮ್ಮ ಒತ್ತಿದರು. ಹಸಿರು ದೀಪ, ಕನ್ನಡ.

"ಅಡ್ಡಿಲ್ಲ" ಎಂದರು ಅಂಕಲ್. "ಬ್ಯಾಗು ನಿಮ್ಮದು."

ನಾನು ಕೂಗಿದ್ದು ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಅಮ್ಮ ಮಾತ್ರ ಎದ್ದುಹೋಗಿ ಡಬ್ಬಿಯನ್ನು ಬಗ್ಗಿ ನೋಡುತ್ತಿದ್ದರು.

"ಅಲ್ವೇ, ಕುಂಕುಮ ಎದುರಿಗೆ ಇಡೋದು ಬಿಟ್ಟು ಪಕ್ಕಕ್ಕೆ ಯಾಕಿಟ್ಟೆ? ಇದು ಯಾವೂರ ಪದ್ಧತಿ?"

"ಕ್ವೇಕರ್ಸ್ ಹಿಲ್ ಪದ್ಧತಿ ಕಣಮ್ಮ" ಎಂದೆ.

ಫೋನಿನಲ್ಲಿ ಅಂಕಲ್ ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅವರ ಕಡೆಯ ಚಿತ್ರ ಮೊದಲಿನಿಂದಲೂ ಅಲುಗಾಡುತ್ತಲೇ ಇತ್ತು, ಈಗ ಅದು ನಗುವಿಗೆ ಅಲುಗಾಡುತ್ತಿತ್ತು.